ಯಾರ ಹೆಸರಿಗೂ ವಿನಾಯಿತಿ ಕೂಡದು

ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಹೂವಿನಹಡಗಲಿ
೯ ಜನವರಿ ೨೦೨೫

ತೊರೆಮಾವಿನಹಳ್ಳಿ ಗ್ರಾಮ ಪಂಚಾಯಿತಿಯ ಮಾನ್ಯ ಅಧ್ಯಕ್ಷರೂ ನನ್ನ ಅಕ್ಕನ ಮಗಳೂ ಆದ ಚಿ. ಸೌ. ಗಂಗಾಂಬಿಕಾಳಿಗೆ, ಸೋದರಮಾವ ಗುರುಸಂಗಪ್ಪ ಮಾಡುವ ಆಶೀರ್ವಾದಗಳು.

ನೀನು ಅಧ್ಯಕ್ಷಳಾದ ದಿನದಿಂದ ಈ ದಿನದವರೆಗೆ ನಾನು ನಿನ್ನೊಡನೆ ಮಾತನಾಡಿಲ್ಲ. ಕಾರಣ ನಿನಗೆ ತಿಳಿದಿದೆ. ಆದರೂ ಕಾಗದದ ಮೇಲೆ ಇರಲೆಂದು ಬರೆಯುತ್ತೇನೆ. ಅಂದು ಜೆಸಿಬಿಯ ಸೊಂಡಿಲಿಗೆ ಸೇಬಿನ ಹಾರವನ್ನು ನೇತುಹಾಕಿ ನಿನ್ನ ತಲೆಯ ಮೇಲೆ ಇಳಿಬಿಟ್ಟರು. ಅದೇ ಯಂತ್ರ ಬೆಳಿಗ್ಗೆ ಚರಂಡಿಯನ್ನು ಬಳಿದಿತ್ತು. ಅದರ ಹಲ್ಲುಗಳಿಂದ ಕಪ್ಪು ನೀರು ಸೇಬುಗಳ ಮೇಲೆ ತೊಟ್ಟಿಕ್ಕುತ್ತಿತ್ತು. ನೀನು ಅದರ ಕೆಳಗೆ ಕೈಮುಗಿದು ನಿಂತಿದ್ದೆ. ಹಾರ ಹರಿದೊಡನೆ ಜನ ಒಬ್ಬರನ್ನೊಬ್ಬರು ತುಳಿದುಕೊಂಡು ಹಣ್ಣಿಗೆ ಬಿದ್ದರು, ಉಪಾಧ್ಯಕ್ಷ ಹಾಲಸ್ವಾಮಿ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ನಕ್ಕ. ಆ ಹೇಸಿಗೆಯನ್ನು ಕಂಡ ಮೇಲೆ ನಿನ್ನ ಮನೆಯಲ್ಲಿ ಬಡಿಸಿದ ಎಲೆಯ ಮುಂದಿನಿಂದ ಎದ್ದು ಬಂದೆ. ನೀನು ಹಿಂದಕ್ಕೆ ಕರೆಯಲಿಲ್ಲ.

ಈಗ ಬರೆಯಲು ಕಾರಣವೇನೆಂದರೆ, ನಿಮ್ಮೂರಿನಿಂದ ದಿನವೂ ಮಲ್ಲಿಗೆಯ ಬುಟ್ಟಿ ಹೊತ್ತು ಬರುವ ಮೈಲಮ್ಮ ನಿನ್ನೆ ನನ್ನ ಮೇಜಿನ ಬಳಿ ಕುಳಿತು ಒಂದು ವರ್ತಮಾನ ಹೇಳಿದಳು. ಅವಳ ಮಾತನ್ನು ಅವಳ ಬಾಯಲ್ಲೇ ಬರೆಯುತ್ತೇನೆ.

“ಗುರುಸಂಗಪ್ಪಾರ, ನಿಮ್ಮ ಸೊಸಿ ಸನ್ಮಾನಾನೆಲ್ಲ ಬಂದ್ ಮಾಡ್ತಾಳಂತ್ರಿ. ಶಾಲಿಲ್ಲ, ಹಾರಿಲ್ಲ, ಬ್ಯಾನರಿಲ್ಲ. ಮೆಂಬರಗೋಳು ಮಾರಿ ಊದಿಸ್ಕೊಂಡು ಕುಂತಾರ.”

ಹಾರ ನಿಂತರೆ ನಿನ್ನ ವ್ಯಾಪಾರಕ್ಕೆ ಪೆಟ್ಟಲ್ಲವೇ ಎಂದು ಕೇಳಿದೆ.

“ಯಾವ ಯಾಪಾರ ತಗೋರ್ರಿ! ಅವರ ಹಾರ ದಾವಣಗೆರಿಯಿಂದ ಬರ್ತಾವ, ಪ್ಲಾಸ್ಟಿಕ್ ಜರಿ ಹಚ್ಕೊಂಡು. ನಮ್ಮ ಮಲ್ಲಿಗಿ ಅವರ ಮೂಗಿಗೆ ಯಾವತ್ತು ಹತ್ತೈತಿ?”

ಇದು ನಿಜವೇ? ನಿಜವಾಗಿದ್ದಲ್ಲಿ, ಯಾವುದನ್ನು ಕಡಿಯುತ್ತೀ ಎಂಬುದಕ್ಕಿಂತ ಯಾವುದನ್ನು ಉಳಿಸುತ್ತೀ ಎಂಬುದನ್ನು ವಿವರವಾಗಿ ಬರೆ. ಉಳಿತಾಯವೆಂಬ ಹೆಸರಿನಲ್ಲಿ ಬಡವರ ನಲ್ಲಿಯನ್ನೇ ತಿರುಗಿಸಿ ನಿಲ್ಲಿಸುವವರನ್ನು ನಾನು ನೋಡಿದ್ದೇನೆ. ದೂರವಾಣಿಯಲ್ಲಿ ಆಡಿದ ಮಾತಿಗೆ ದಿನಾಂಕವೂ ಇಲ್ಲ, ಸಹಿಯೂ ಇಲ್ಲ. ಆದುದರಿಂದ ಮೈಲಮ್ಮನ ಖಾಲಿ ಬುಟ್ಟಿಯಲ್ಲಿ ಈ ಪತ್ರವನ್ನು ಇಟ್ಟಿದ್ದೇನೆ. ಉತ್ತರವೂ ಅದೇ ದಾರಿಯಲ್ಲಿ ಬರಲಿ.

ಇತಿ,
ಗುರುಸಂಗಪ್ಪ
ಅರ್ಜಿ ಬರಹಗಾರ

*

ತೊರೆಮಾವಿನಹಳ್ಳಿ
೧೭ ಜನವರಿ ೨೦೨೫

ಮಾವನವರಿಗೆ ಗಂಗಾಂಬಿಕಾಳ ಶರಣು ಶರಣಾರ್ಥಿ.

ನಿಮ್ಮ ಕಾಗದಕ್ಕ ಮಲ್ಲಿಗಿ ವಾಸನಿ ಹತ್ತಿತ್ತು, ಒಳಗಿನ ಮಾತು ಮಾತ್ರ ಬೇವು. ನಿಮ್ಮಂಗ ಬರಿಯಾಕ ನನಗ ಬರಂಗಿಲ್ಲ, ಮಾತಾಡಿದಂಗ ಬರೀತೀನಿ. ಬೈಬ್ಯಾಡ್ರಿ.

ಮೈಲಮ್ಮ ಹೇಳಿದ್ದು ಖರೆ. ಬರೂ ವರ್ಷದ ಆಯವ್ಯಯದಾಗ ಸನ್ಮಾನ ಇಲ್ಲ, ಫ್ಲೆಕ್ಸ್ ಇಲ್ಲ, ಮೆಂಬರ್ ಮಾರಿ ಹಾಕಿದ ಕ್ಯಾಲೆಂಡರ್ ಇಲ್ಲ. ಅಧ್ಯಯನ ಪ್ರವಾಸಾನೂ ತಗದೀನಿ. ಹ್ವಾದ ವರ್ಷ ಮೆಂಬರಗೋಳು ಕಸ ವಿಲೇವಾರಿ ನೋಡಿ ಬರ್ತೀವಂತ ಗೋವಾಕ್ಕ ಹೋಗಿದ್ರು. ಕಸ ನೋಡ್ಲಿಲ್ಲ, ಹಾಕಿ ಬಂದ್ರು.

ಉಳಿಸಿದ್ದು ಏನಂತ ಕೇಳೀರಿ. ಮೊದಲನೇದು ನೀರು. ಫಿಲ್ಟರ್ ನೀರಿನ ಘಟಕ ದೀಪಾವಳಿಯಿಂದ ನಿಂತೈತಿ. ಬೋರಿನ ನೀರಾಗ ಫ್ಲೋರೈಡ್. ಹುಡುಗರ ಹಲ್ಲು ನೋಡಿದ್ರ ನಿಮಗ ಗೊತ್ತಾಗ್ತೈತಿ. ಕಾಲೋನಿ ಜೋಗಮ್ಮ ನೆನಪದಾಳಲ್ಲ, ನಿಮ್ಮ ಹೊಲಕ್ಕ ಕಳೆ ತಗ್ಯಾಕ ಬರ್ತಿದ್ದಾಕಿ? ಆಕಿಗೆ ಈಗ ಮಂಡಿ ಮಡಚಾಕ ಬರಂಗಿಲ್ಲ. ಕುಂತ್ರ ಏಳಾಕಾಗಂಗಿಲ್ಲ, ಎದ್ರ ಕುಂದ್ರಾಕಾಗಂಗಿಲ್ಲ. ಘಟಕ ರಿಪೇರಿ ಮಾಡಿಸಿ, ಅಲ್ಲಿಂದ ಕಾಲೋನಿ ಮಟ ಪೈಪ್ ಎಳೀಬೇಕು. ಆಮ್ಯಾಲೆ ಅಂಗನವಾಡಿ ಚಾವಣಿ, ನೀರುಗಂಟಿ ಪಗಾರ. ಇವಕ್ಕ ಕೈ ಹಚ್ಚಿಲ್ಲ, ಹಚ್ಚಾಕ ಬಿಡಂಗೂ ಇಲ್ಲ.

ಮೆಂಬರಗೋಳಾಗ ಅರ್ಧ ಮಂದಿ ನನ್ನ ಕಡಿ, ಅರ್ಧ ಮಂದಿ ಹಾಲಸ್ವಾಮಿ ಕಡಿ. “ಸನ್ಮಾನ ಇಲ್ಲಂದ್ರ ಮೆಂಬರ್ ಆಗಿ ಏನ್ ಉಪಯೋಗ ತಂಗಿ?” ಅಂತ ನನ್ನ ಮಾರಿ ಮ್ಯಾಲೇ ಕೇಳಿದ. ಫೆಬ್ರವರಿ ಕೊನಿಗೆ ಗ್ರಾಮಸಭಿ ಐತಿ. ಜನ ಹೂಂ ಅಂದ್ರ ಮೆಂಬರಗೋಳು ಬಗ್ತಾರ. ಈ ಊರಾಗ ಪಿಂಚಣಿಯಿಂದ ಹಿಡಿದು ಪಹಣಿ ಮಟ ಯಾರ ಮನಿ ಅರ್ಜಿ ನೀವು ಬರದಿಲ್ಲ? ನೀವು ಈ ಆಯವ್ಯಯದ ಪರವಾಗಿ ಒಂದು ಅರ್ಜಿ ಬರದು ಕೊಡ್ರಿ. ಸಭ್ಯಾಗ ಓದಿಸ್ತೀನಿ.

ಇನ್ನೊಂದು ಮಾತೈತಿ. ಅದು ಬುಟ್ಟ್ಯಾಗ ಕಳಿಸೂ ಮಾತಲ್ಲ. ಊಟಕ್ಕ ಬರ್ರಿ, ಎದುರು ಕುಂತು ಹೇಳ್ತೀನಿ.

ನಿಮ್ಮ ಸೊಸಿ,
ಗಂಗಾಂಬಿಕಾ

*

ಹೂವಿನಹಡಗಲಿ
೨೪ ಜನವರಿ ೨೦೨೫

ಚಿ. ಸೌ. ಗಂಗಾಂಬಿಕಾಳಿಗೆ ಆಶೀರ್ವಾದಗಳು.

ಊಟಕ್ಕೆ ಬರುವ ಕಾಲ ಇನ್ನೂ ಬಂದಿಲ್ಲ. ಹೇಳಬೇಕಾದದ್ದನ್ನು ಬರೆದು ತಿಳಿಸು. ಬರೆಯಲಾಗದ ಮಾತು ಆಡಲೂ ಯೋಗ್ಯವಲ್ಲ.

ನಿನ್ನ ಕೋರಿಕೆಯಂತೆ ಅರ್ಜಿಯನ್ನು ಲಗತ್ತಿಸಿದ್ದೇನೆ. ಹದಿಹರೆಯದಲ್ಲಿ ಹಳೆಯ ಬರಹಗಾರರೊಬ್ಬರ ಮೇಜಿನ ಕೆಳಗೆ ಕುಳಿತು ಅವರ ಅರ್ಜಿಗಳನ್ನು ಪ್ರತಿ ಮಾಡುತ್ತಾ ಈ ಶೈಲಿಯನ್ನು ಕಲಿತೆ. ಅಂದಿನಿಂದ ನಾನು ಬರೆದ ಅರ್ಜಿಗಳಲ್ಲಿ ಬೇಡಿಕೆಗಳೇ ಹೆಚ್ಚು: ಕೊಡಿ, ಮಂಜೂರು ಮಾಡಿ, ದಯಪಾಲಿಸಿ. ಸರ್ಕಾರದ ಹಣವನ್ನು ಖರ್ಚು ಮಾಡಬೇಡಿರೆಂದು ಬೇಡುವ ಅರ್ಜಿ ಇದೇ ಮೊದಲನೆಯದು. ಬರೆಯುವಾಗ ಕೈಗೆ ಹೊಸ ಬಲ ಬಂದಂತಾಯಿತು. ನಕಲನ್ನು ಇಲ್ಲಿಯೂ ಕೊಡುತ್ತೇನೆ.

“ವಿಷಯ: ಮಾನ್ಯ ಅಧ್ಯಕ್ಷರು ಮಂಡಿಸಿರುವ ಮಿತವ್ಯಯದ ಆಯವ್ಯಯಕ್ಕೆ ಬೆಂಬಲ ಸೂಚಿಸುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ, ಈ ಗ್ರಾಮದ ಬೀದಿದೀಪದ ಕಂಬಗಳು ದೀಪ ಹೊರುವುದನ್ನು ಬಿಟ್ಟು ಮುಖ ಹೊರುತ್ತಿವೆ. ಕುಡಿಯುವ ನೀರಿಲ್ಲದ ಊರಿನಲ್ಲಿ ಕುಡಿಯುವ ನೀರಿನ ಘಟಕದ ಮೇಲೆ ಶುಭಾಶಯದ ಫಲಕಗಳಿವೆ. ಕೊರಳಿಗೆ ಬಿದ್ದ ಹಾರ ಮೇಜಿಗೆ ಇಳಿಯುವಷ್ಟರಲ್ಲಿ ಬಾಡುತ್ತದೆ. ಅದಕ್ಕೆ ಸುರಿದ ತೆರಿಗೆಯನ್ನು ಕಟ್ಟಿದವನ ಬೆನ್ನಿನ ಬೆವರು ಅಷ್ಟರಲ್ಲಿ ಆರಿರುವುದಿಲ್ಲ. ಆದಕಾರಣ ನೀರು, ಅಂಗನವಾಡಿ ಮತ್ತು ದುಡಿಯುವವರ ವೇತನ ಇವುಗಳಿಗೆ ಧಕ್ಕೆ ಬಾರದಂತೆ ಕಾಪಾಡಿ, ಉಳಿದ ಆಡಂಬರದ ವೆಚ್ಚವನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಕಡಿತಗೊಳಿಸತಕ್ಕದ್ದು. ಈ ಬಾಬಿನಲ್ಲಿ ಯಾವ ಪಕ್ಷಕ್ಕೂ, ಯಾವ ಮನೆತನಕ್ಕೂ, ಯಾರ ಹೆಸರಿಗೂ ವಿನಾಯಿತಿ ಕೂಡದು.”

ಕೊನೆಯ ವಾಕ್ಯವನ್ನು ಓದುವವರು ನಿಧಾನವಾಗಿ ಓದಲಿ. ಹಾಲಸ್ವಾಮಿಯ ಕಿವಿಗೆ ಬೀಳಬೇಕು.

ಇತಿ,
ಗುರುಸಂಗಪ್ಪ

*

ಹೂವಿನಹಡಗಲಿ
೧೧ ಫೆಬ್ರವರಿ ೨೦೨೫

ಮಾನ್ಯ ಅಧ್ಯಕ್ಷರಿಗೆ,

ಇಂದು ಮಧ್ಯಾಹ್ನ ಹಾಲಸ್ವಾಮಿ ನನ್ನ ಮೇಜಿಗೆ ಬಂದಿದ್ದ. ಬಂದವನು ನನ್ನ ಅರ್ಜಿಕಾಗದಗಳನ್ನು ಬದಿಗೆ ಸರಿಸಿ ಒಂದು ದೊಡ್ಡ ನಕ್ಷೆಯನ್ನು ಹರಡಿದ. ಊರ ಬಾಗಿಲಿನ ಮಹಾದ್ವಾರ. ಎರಡೂ ಕಂಬಗಳಿಗೆ ಆನೆ, ನೆತ್ತಿಯ ಮೇಲೆ ನಂದಿ, ನಡುವೆ ‘ಶ್ರೀ ಕೊಟ್ರಸ್ವಾಮಿ ಮಹಾದ್ವಾರ’ ಎಂಬ ಅಕ್ಷರಗಳು.

“ಏನ್ರಿ ಗುರುಸಂಗಪ್ಪಾರ, ನಿಮ್ಮಪ್ಪಾರ ಹೆಸರು ಕಲ್ಲಾಗ ಕೆತ್ತಿಸಬೇಕಂತ ನಾವು ಒದ್ದಾಡಾಕತ್ತೀವಿ. ನಿಮ್ಮ ಸೊಸಿ ಕೆಂಪು ಪೆನ್ನಿನಾಗ ಗೆರಿ ಎಳದಾಳ. ಸ್ವಂತ ಅಜ್ಜ ಅಂತ ನೋಡ್ಲಿಲ್ಲ. ಅದಕ್ಕ ನೀವ ಬ್ಯಾರೆ ಅರ್ಜಿ ಬರದು ಕೊಟ್ಟೀರಂತ!” ಎಂದು ಹೇಳಿ ಹಲ್ಲು ಕಿರಿದ. ಚಹಾ ತರಿಸಲೇ ಎಂದು ಕೇಳಿದ. ನನ್ನ ಮೇಜಿನ ಬಳಿ ನನಗೇ!

ಬುಟ್ಟಿಯಲ್ಲಿ ಕಳುಹಿಸಲಾಗದ ಮಾತು ಇದೇ ಏನು?

ನನ್ನ ತಂದೆಯವರು ತಮ್ಮ ಸ್ವಂತ ಹೊಲದಲ್ಲಿ ಸಿಹಿನೀರಿನ ಬಾವಿಯನ್ನು ತೋಡಿಸಿ ಊರಿಗೆ ಬಿಟ್ಟವರು. ಎಲ್ಲ ಓಣಿಯವರ ಹಗ್ಗವೂ ಅದಕ್ಕೆ ಇಳಿಯಬೇಕೆಂದು ಊರ ಹಿರಿಯರ ಮಾತನ್ನೂ ಮೀರಿ ಕಟ್ಟೆಯ ಮೇಲೆ ತಾವೇ ಕಾವಲು ಕುಳಿತವರು. ಅವರ ಹೆಸರನ್ನು ಊರಿನಲ್ಲಿ ಎಲ್ಲಿಯಾದರೂ ಬರೆಯಿಸಿರೆಂದು ನಾನು ಬಂದ ಅಧ್ಯಕ್ಷರಿಗೆಲ್ಲ ಅರ್ಜಿ ಕೊಟ್ಟಿದ್ದೇನೆ. ಯಾರೂ ಬರೆಯಿಸಲಿಲ್ಲ. ಈಗ ಬರೆಯಿಸಲು ಹೊರಟಾಗ ಗೆರೆ ಎಳೆದವಳು ಅವರ ಮೊಮ್ಮಗಳು. ಆ ಗೆರೆಗೆ ಸಹಿ ಹಾಕಿಸಿದ್ದು ಅವರ ಮಗನಿಂದ.

ಜೆಸಿಬಿಯ ದಿನ ನನಗೆ ಊರಿನ ಮೇಲೆ ಹೇಸಿಗೆಯಾಗಿತ್ತು. ಈ ದಿನ ನಿನ್ನ ಮೇಲೆ.

ನನ್ನ ಅರ್ಜಿಯನ್ನು ಹಿಂದಿರುಗಿಸತಕ್ಕದ್ದು. ಮೈಲಮ್ಮನ ಬುಟ್ಟಿ ನಾಳೆ ಬರುವಾಗ ಅದರಲ್ಲಿ ಇರಲಿ.

ಗುರುಸಂಗಪ್ಪ

*

ತೊರೆಮಾವಿನಹಳ್ಳಿ
೧೪ ಫೆಬ್ರವರಿ ೨೦೨೫

ಮಾವನವರಿಗೆ ಶರಣು.

ಹೌದು, ಅದ ಮಾತು. ಊಟಕ್ಕ ಬಂದಿದ್ರ ಹೇಳ್ತಿದ್ದೆ. ನೀವು ಬರಲಿಲ್ಲ, ನನಗ ಬರಿಯಾಕ ಕೈ ಬರಲಿಲ್ಲ.

ಆ ಮಹಾದ್ವಾರ ಅಜ್ಜನ ಮ್ಯಾಲಿನ ಪ್ರೀತಿಗೆ ಹುಟ್ಟಿದ್ದಲ್ಲ ಮಾವ. ನಾನು ಸನ್ಮಾನ ಕಡೀತೀನಿ ಅಂದ ಮರುದಿನ ಹುಟ್ಟಿದ್ದು. ಅದು ಇದ್ರ ಕಾಲೋನಿ ಪೈಪ್ ಇಲ್ಲ. ಅದನ್ನ ಉಳಿಸಿದ್ರ ಉಳಿದೋರು, ನಿಮ್ಮಜ್ಜಗೊಂದು ನ್ಯಾಯ ನಮಗೊಂದು ನ್ಯಾಯ ಏನು ಅಂತ ಕೇಳ್ತಾರ. ಅವರು ಕೇಳಲಿ ಅಂತಾನ ಹಾಲಸ್ವಾಮಿ ಅದನ್ನ ತಂದಾನ.

ನಿಮ್ಮ ಅರ್ಜಿ ನನ್ನ ಹತ್ರ ಇಲ್ಲ. ಪಂಚಾಯ್ತಿ ಟಪಾಲಿಗೆ ಕೊಟ್ಟೀನಿ, ಸ್ವೀಕೃತಿ ಮುದ್ರಿ ಬಿದ್ದೈತಿ. ಹಿಂದಕ್ಕ ತಗೋಬೇಕಂದ್ರ ಅರ್ಜಿದಾರರ ಖುದ್ದು ಬಂದು ಸಹಿ ಮಾಡಬೇಕು. ಈ ನಿಯಮ ನನಗ ಕಲಿಸಿದೋರು ನೀವು. ಗ್ರಾಮಸಭಿ ದಿನ ಬರ್ರಿ. ಸಹಿ ಮಾಡ್ರಿ, ತಗೊಂಡು ಹೋಗ್ರಿ, ನಾನು ತಡಿಯಂಗಿಲ್ಲ.

ಬಸ್ಸು ಇಳಿದ ಮ್ಯಾಲೆ ಬಾವಿ ದಾರಿ ಹಿಡಿದು ಬರ್ರಿ. ಅಷ್ಟ.

ಗಂಗಾಂಬಿಕಾ

*

ಹೂವಿನಹಡಗಲಿ
೩ ಮಾರ್ಚ್ ೨೦೨೫

ಗಂಗಾಂಬಿಕಾಳಿಗೆ,

ಸಭೆಯಲ್ಲಿ ನಡೆದದ್ದನ್ನು ನೀನು ಕಂಡಿದ್ದೀ. ಸಭೆಗೆ ಮುಂಚೆ ನಡೆದದ್ದನ್ನು ಕಂಡಿಲ್ಲ. ದಾಖಲೆಗಾಗಿ ಬರೆಯುತ್ತೇನೆ.

ನೀನು ಹೇಳಿದ ದಾರಿಯಲ್ಲೇ ಬಂದೆ. ಬಾವಿ ಕಾಣುವ ಮೊದಲೇ ಅದರ ನಾತ ಎದುರುಗೊಂಡಿತು. ಪಂಚೆಯ ಚುಂಗನ್ನು ಮೂಗಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಬಗ್ಗಿದೆ. ನನ್ನ ತಂದೆಯವರು ಕಾವಲು ಕುಳಿತ ಕಟ್ಟೆ. ಒಳಗೆ ಹಾರಗಳು ಕೊಳೆತು ಕಪ್ಪು ಅಂಟಾಗಿದ್ದವು, ಅವುಗಳ ಜರಿ ಮಾತ್ರ ಕೊಳೆಯದೆ ಹೊಳೆಯುತ್ತಿತ್ತು. ಊಟದ ಥರ್ಮಾಕೋಲ್ ತಟ್ಟೆಗಳು, ಅವುಗಳ ಮೇಲೆ ಹುಳ ಮಿಜಿಗುಡುವ ಅನ್ನ. ಅದರ ಮೇಲೆ ಅರ್ಧ ಬಿಚ್ಚಿಕೊಂಡು ಬಿದ್ದ ಫ್ಲೆಕ್ಸುಗಳು. ಒಂದರಲ್ಲಿ ಹಾಲಸ್ವಾಮಿ ಕೈಮುಗಿದಿದ್ದ. ಅದರ ಪಕ್ಕದಲ್ಲಿ ನೀನೂ ಕೈಮುಗಿದಿದ್ದೆ. ನಿನ್ನ ಕೆನ್ನೆಯ ಮೇಲೆ ಸತ್ತ ಹೆಗ್ಗಣ ಉಬ್ಬಿಕೊಂಡಿತ್ತು. ನನಗೆ ಅಲ್ಲಿಯೇ ವಾಂತಿಯಾಯಿತು. ಇದನ್ನು ಬರೆಯಲು ನಾಚಿಕೆಯಿಲ್ಲ, ನಾಚಬೇಕಾದವರು ಬೇರೆ.

ಕಟ್ಟೆಯ ಆಚೆ ಮಗ್ಗುಲಲ್ಲಿ ಜೋಗಮ್ಮ ಕೊಡಗಳನ್ನು ಇಟ್ಟುಕೊಂಡು ಟ್ಯಾಂಕರಿನ ದಾರಿ ಕಾಯುತ್ತ ನಿಂತಿದ್ದಳು. ಕುಳಿತುಕೊಳ್ಳಲಾಗದು ಎಂದು ನೀನು ಬರೆದದ್ದು ಆಗ ಅರ್ಥವಾಯಿತು.

“ಯಾರು, ಗುರುಸಂಗಪ್ಪಾರ? ಬಾಯಿ ಮುಕ್ಕಳಿಸಾಕ ನೀರು ಕೊಡಲೇನ್ರಿ? ಬೋರಿಂದ ಐತಿ, ನುಂಗಬ್ಯಾಡ್ರಿ, ಉಗುಳ್ರಿ.”

ಬಾಯಿ ತೊಳೆದುಕೊಂಡು, ಇದರೊಳಗೆ ಇದನ್ನೆಲ್ಲ ಯಾರು ಹಾಕಿದರು ಎಂದು ಕೇಳಿದೆ.

“ಹಾಕಿಸ್ಕೊಂಡೋರ ಹಾಕ್ಯಾರ. ಕೊಳ್ಳಾಗಿಂದ ತಗದ ಕೂಡ್ಲೆ ಇಲ್ಲಿಗೇ. ಪಂಚಾಯ್ತಿ ಹಿತ್ಲಕ್ಕ ಇದ ಸಮೀಪ ಅಲ್ಲೇನ್ರಿ?” ಎಂದಳು. ಆಮೇಲೆ ಟ್ಯಾಂಕರಿನ ದಾರಿಯತ್ತ ನೋಡುತ್ತ ಹೇಳಿದಳು: “ನಿಮ್ಮಪ್ಪಾರ ಹೆಸರು ಊರ ಅಗಸಿ ಬಾಗಲಕ್ಕ ಬರಸ್ತಾರಂತ. ಬರಸ್ಲಿ ಬಿಡ್ರಿ, ದೇವರಂಥ ಮನಿಷ್ಯ. ಟ್ಯಾಂಕರ್ ಬರಲಿಲ್ಲಂದ್ರ ನಾವು ಕೊಡ ಹೊತ್ಕೊಂಡು ನೀರಿಗೆ ಇಟ್ಟಿಗಿ ಊರಿನ ಹಾದಿ ಹಿಡಿತೀವಿ. ಇನ್ನ ಅವರ ಹೆಸರಿನ ಕೆಳಗ ಹಾದು ಹೋಗ್ತೀವಿ.”

ವ್ಯಂಗ್ಯವಾಗಿ ಹೇಳಲಿಲ್ಲ. ನಾನು ಪಂಚಾಯಿತಿಯ ಕಡೆಗೆ ನಡೆದೆ.

ಆಮೇಲಿನದು ನಿನಗೆ ಗೊತ್ತು. ಅಭಿವೃದ್ಧಿ ಅಧಿಕಾರಿ ಅರ್ಜಿಯನ್ನೂ ಪೆನ್ನನ್ನೂ ಮುಂದಿಟ್ಟು ಇಲ್ಲಿ ಸಹಿ ಮಾಡಿ ಎಂದರು. ಹಾಲಸ್ವಾಮಿ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದ. ನಾನು ಸಹಿ ಮಾಡುವ ಬದಲು ಅರ್ಜಿಯನ್ನು ಎತ್ತಿಕೊಂಡು ಓದತೊಡಗಿದೆ. ಕೊನೆಯ ವಾಕ್ಯದ ಹತ್ತಿರ ನಿಂತೆನಲ್ಲ, ಕನ್ನಡಕ ಒರೆಸಿಕೊಳ್ಳುತ್ತಿದ್ದೇನೆಂದು ಜನ ತಿಳಿದಿರಬಹುದು. ‘ಯಾರ ಹೆಸರಿಗೂ ವಿನಾಯಿತಿ ಕೂಡದು’ ಎಂದು ಓದಿ, ಕಾಗದದಲ್ಲಿ ಇಲ್ಲದ ಮಾತೊಂದನ್ನು ಬಾಯಿಂದ ಸೇರಿಸಿದೆ: ‘ದಿವಂಗತ ಕೊಟ್ರಸ್ವಾಮಿಯವರ ಹೆಸರಿಗೂ.’ ಜೀವಮಾನದಲ್ಲಿ ಲಿಖಿತದಲ್ಲಿ ಇಲ್ಲದ್ದನ್ನು ಓದಿದ್ದು ಅದೊಂದೇ ಸಲ.

ಜನ ಕೈ ಎತ್ತಿದರು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಹಾಲಸ್ವಾಮಿಗೆ ಸೋಲುವುದೂ ಒಂದು ಸಮಾರಂಭವೆಂದು ನನಗೆ ಗೊತ್ತಿರಲಿಲ್ಲ. “ಇಂಥಾ ತ್ಯಾಗಿ ಹಿರ್ಯಾರಿಗೆ ಸನ್ಮಾನ ಮಾಡಲಿಲ್ಲಂದ್ರ ಈ ಊರು ಊರಾ?” ಎಂದು ಕೂಗಿದ. ಬೀರುವಿನಿಂದ ಶಾಲು ಹೊರಬಂತು, ಎಲ್ಲಿಂದಲೋ ಹಾರ ಬಂತು. ಸನ್ಮಾನ ಬೇಡವೆಂದು ಎತ್ತಿದ ಕೈಗಳೇ ಇನ್ನೂ ಕೆಳಗಿಳಿಯುವ ಮೊದಲೇ ಚಪ್ಪಾಳೆ ತಟ್ಟಿದವು! ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಒಳ್ಳೆಯದು ಮಾಡಿದವನ ಮೈಮೇಲೆ ಏನನ್ನಾದರೂ ಹೊದಿಸದಿದ್ದರೆ ಈ ಜನಕ್ಕೆ ಒಳ್ಳೆಯದು ನಡೆದದ್ದೇ ತಿಳಿಯುವುದಿಲ್ಲವೇ? ಹಾರವನ್ನು ಕೈಯಲ್ಲಿ ತಡೆದೆ. ಶಾಲು ಹೆಗಲ ಮೇಲೆ ಬಿದ್ದುಬಿಟ್ಟಿತ್ತು. ಸತ್ತ ಹಾವಿನಂತೆ ತಣ್ಣಗಿತ್ತು.

ಬಸ್ಸಿಗೆ ಹೋಗುವಾಗ ಅದನ್ನು ಜೋಗಮ್ಮನಿಗೆ ಕೊಟ್ಟು, ಕೊಡದ ಕೆಳಗೆ ಸಿಂಬಿ ಮಾಡಿಕೋ ಎಂದೆ. ಸುತ್ತಿ ತಲೆಯ ಮೇಲೆ ಇಟ್ಟು ನೋಡಿದಳು.

“ಅಯ್ಯ, ಜಾರತೈತ್ರಿ ಇದು! ನೀರು ಹೀರಂಗಿಲ್ಲ, ಮೈ ಬೆಚ್ಚಗ ಮಾಡಂಗಿಲ್ಲ, ಇದನ್ನ ಹೊದಿಸ್ಕೊಳ್ಳಾಕ ಅಷ್ಟು ಬಡದಾಡ್ತಾರಾ? ಇರ್ಲಿ ತಗೋರ್ರಿ, ಮ್ಯಾಕಿ ಕಟ್ಟಾಕ ಆದೀತು.”

ಊಟಕ್ಕೆ ನಿಲ್ಲೆಂದು ನೀನು ಈ ಸಲ ಬಾಗಿಲವರೆಗೆ ಬಂದು ಕರೆದೆ. ಕೇಳಿಸಿತು. ಕಾಲೋನಿಗೆ ನೀರು ಬರುವವರೆಗೆ ಆ ಊರಿನಲ್ಲಿ ನನಗೆ ಎಲೆ ಹಾಕಬೇಡ.

ಇತಿ,
ಗುರುಸಂಗಪ್ಪ

*

ತೊರೆಮಾವಿನಹಳ್ಳಿ
೨೭ ಮೇ ೨೦೨೫

ಮಾವನವರಿಗೆ ಗಂಗಾಂಬಿಕಾಳ ಶರಣು ಶರಣಾರ್ಥಿ.

ಇಷ್ಟು ದಿನ ಬರೀಲಿಲ್ಲ. ಬರಿಯಾಕ ಏನಾದ್ರೂ ಇರ್ಲಿ ಅಂತ ಕಾದೆ.

ಆಯವ್ಯಯ ಮಾರ್ಚಿನಾಗ ಪಾಸಾತು, ಒಂದು ಕೈ ಹೆಚ್ಚಾಗಿ. ಆ ಕೈ ಸುಂಕಪ್ಪಂದು. ಹಾಲಸ್ವಾಮಿ ಮಗ್ಗಲದಾಗ ಕುಂತಾಂವ ಎದ್ದು ಈ ಕಡಿ ಬಂದ. ಯಾಕ ಅಂತ ಕೇಳಿದ್ರ, “ನಮ್ಮವ್ವಾನೂ ಕೊಡ ಹೊರ್ತಾಳ” ಅಂದ, ಅಷ್ಟ.

ಘಟಕ ನಡದೈತಿ. ಪೈಪು ಕಾಲೋನಿ ಮುಟ್ಟೈತಿ. ಮೊದಲನೇ ದಿನ ನೀರುಗಂಟಿ ನಲ್ಲಿ ಬಿಟ್ಟಾಗ ನಾನು ಹೋಗಲಿಲ್ಲ. ಹ್ವಾದ್ರ ಉದ್ಘಾಟನಿ ಅಂತ ಯಾರಾದ್ರೂ ರಿಬ್ಬನ್ ತರ್ತಾರಂತ ಮನ್ಯಾಗ ಕುಂತಿದ್ದೆ. ಜೋಗಮ್ಮ ಹೇಳಿ ಕಳಿಸ್ಯಾಳ: “ನೀರಿಗೆ ರುಚಿ ಇಲ್ಲ ಅಂತ ಹೇಳ್ರಿ. ರುಚಿ ಇಲ್ಲದ್ದ ಚಲೋ ಅಂತ ಡಾಕ್ಟರು ಅಂದಾರ.”

ಬಾವಿ ಕಸ ಎತ್ತಾಕತ್ತೀವಿ. ಮೊದಲ ಬುಟ್ಟಿ ಮ್ಯಾಲೆ ಬಂದಾಗ ಊರೆಲ್ಲ ಮೂಗು ಮುಚ್ಚಿಕೊಂಡಿತು. ನಾನು ಮುಚ್ಚಿಕೊಳ್ಳಲಿಲ್ಲ ಮಾವ. ನನ್ನ ಮಾರೀನೂ ಅದರಾಗಿತ್ತಲ್ಲ, ನಾನ ಎತ್ತಿ ಗಾಡಿಗೆ ಹಾಕಿದೆ.

ಮೈಲಮ್ಮನ ಬುಟ್ಟ್ಯಾಗ ಕಾಗದದ ಜೋಡಿ ಕಾಲೋನಿ ನಲ್ಲಿ ನೀರು ಒಂದು ಬಾಟ್ಲಿ ಇಟ್ಟೀನಿ.

ಗಂಗಾಂಬಿಕಾ

*

ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಹೂವಿನಹಡಗಲಿ
೩೦ ಮೇ ೨೦೨೫

ಚಿ. ಸೌ. ಗಂಗಾಂಬಿಕಾಳಿಗೆ ಆಶೀರ್ವಾದಗಳು.

ಪತ್ರವೂ ನೀರೂ ತಲುಪಿದವು.

ನೀನು ಗಮನಿಸಿದೆಯೋ ಇಲ್ಲವೋ ತಿಳಿಯದು, ಬಾಟಲಿಯ ಮೈಗೆ ಹಾಲಸ್ವಾಮಿಯ ಭಾವಚಿತ್ರವನ್ನು ಅಂಟಿಸಲಾಗಿತ್ತು. ಕೆಳಗೆ ‘ಜನಸೇವಕನ ಕೊಡುಗೆ’ ಎಂದಿತ್ತು. ಪಂಚಾಯಿತಿಯ ದುಡ್ಡಿನದಲ್ಲ, ಅವನ ಸ್ವಂತ ಖರ್ಚಿನದಂತೆ; ಕಾಲೋನಿಯಲ್ಲಿ ಮನೆ ಮನೆಗೂ ಹಂಚಿದ್ದಾನೆಂದು ಮೈಲಮ್ಮ ಹೇಳಿದಳು. ಆದುದರಿಂದ ಅರ್ಜಿ ಬರೆಯಲು ಬರುವಂತಿಲ್ಲ. ಮೇಜಿನ ಮೇಲೆ ಇಟ್ಟುಕೊಂಡು ಅರ್ಧ ದಿನ ನೋಡಿದೆ, ಮುಟ್ಟಲು ಮನಸ್ಸಾಗಲಿಲ್ಲ. ಕೊನೆಗೆ ಒದ್ದೆ ಬಟ್ಟೆ ಸುತ್ತಿ ನೆನೆಸಿ, ಪೆನ್ಸಿಲ್ ಹೆರೆಯುವ ಚಾಕುವಿನಿಂದ ಆ ಮುಖವನ್ನು ಚೂರೂ ಉಳಿಯದಂತೆ ಕೆರೆದು ತೆಗೆದೆ. ಬಾಟಲಿಯನ್ನು ತೊಳೆದು ಒರೆಸಿದೆ.

ಆಮೇಲೆ ನೀರನ್ನು ಕುಡಿದೆ.

ಜೋಗಮ್ಮ ಹೇಳಿದ್ದು ಸರಿ. ಯಾರ ರುಚಿಯೂ ಅದರಲ್ಲಿ ಇಲ್ಲ.

ಬರುವ ಸೋಮವಾರ ಊಟಕ್ಕೆ ಬರುತ್ತೇನೆ. ಎಲೆಯ ಬದಿಯಲ್ಲಿ ಇದೇ ನೀರನ್ನು ಇಡತಕ್ಕದ್ದು. ಶಾಲು ತಂದವರನ್ನು ಬಾಗಿಲಲ್ಲೇ ನಿಲ್ಲಿಸತಕ್ಕದ್ದು.

ನಿನ್ನ ಸೋದರಮಾವ,
ಗುರುಸಂಗಪ್ಪ